ಗೆಲ್ಲುವವನು ಒಬ್ಬ, ಇಳಿಯುವವರು ಎಂಟು ಮಂದಿ ಯಾಕೆ?

ಪ್ರಶ್ನೆ: ರಸ್ತೆ ಸೈಕ್ಲಿಂಗ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಚಿನ್ನದ ಪದಕ ಬೀಳುವುದು ಒಬ್ಬರ ಕೊರಳಿಗೆ. ಹಾಗಿದ್ದಮೇಲೆ ಪುರುಷರ ರೇಸಿಗೆ ದೊಡ್ಡ ದೇಶಗಳು ಎಂಟೆಂಟು ಜನರನ್ನು ಯಾಕೆ ಇಳಿಸುತ್ತವೆ? ಮಿಕ್ಕವರು ಅಲ್ಲಿ ಮಾಡುವುದಾದರೂ ಏನು?

ಉತ್ತರ: ಮಿಕ್ಕವರು ಗಾಳಿಗೆ ಎದೆಯೊಡ್ಡುತ್ತಾರೆ. ಈ ಆಟದ ಮುಕ್ಕಾಲು ಪಾಲು ಗುಟ್ಟು ಇರುವುದೇ ಅಲ್ಲಿ.

ಸಪಾಟು ರಸ್ತೆಯಲ್ಲಿ ಗಂಟೆಗೆ 40-45 ಕಿ.ಮೀ. ವೇಗದಲ್ಲಿ ಹೋಗುವವನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಅವನ ಹಿಂದಿನ ಚಕ್ರಕ್ಕೆ ಅಂಟಿಕೊಂಡಂತೆ ಬರುವವನಿಗೆ ಅದೇ ವೇಗಕ್ಕೆ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ಶ್ರಮ ಸಾಕು. ಪುರುಷರ ರೇಸು ಸಾಮಾನ್ಯವಾಗಿ 250 ಕಿ.ಮೀ. ದಾಟುತ್ತದೆ, ಆರು ತಾಸಿಗೂ ಮೀರಿ ನಡೆಯುತ್ತದೆ. ಅಷ್ಟು ಹೊತ್ತು ಉಳಿಸಿಟ್ಟ ಕಸುವು ಕೊನೆಯ ಐದು ನಿಮಿಷದಲ್ಲಿ ಕೈಗೆ ಸಿಗಬೇಕು. ಅದನ್ನು ಉಳಿಸಿಕೊಡುವುದೇ ಜೊತೆಗಾರರ ಕೆಲಸ. ಸೈಕ್ಲಿಂಗಿನಲ್ಲಿ ಇವರಿಗೆ ಡೊಮೆಸ್ಟಿಕ್ ಎನ್ನುತ್ತಾರೆ. ಫ್ರೆಂಚ್‌ನಲ್ಲಿ ಮನೆಯಾಳು ಎಂದರ್ಥ. ನನಗಂತೂ ಈ ಹೆಸರು ಒಂದಿಷ್ಟೂ ಹಿಡಿಸುವುದಿಲ್ಲ, ಅವರ ಕೆಲಸದ ತೂಕ ಅದರಲ್ಲಿಲ್ಲ.

ಗುಂಪಿನ ಬಾಲದ ಕಡೆ ಕ್ಯಾಮೆರಾ ತಿರುಗಿದಾಗ ಕಣ್ಣಿಟ್ಟು ನೋಡಿ. ಒಬ್ಬ ಸವಾರ ತಂಡದ ಕಾರಿನ ಕಿಟಕಿಯ ಪಕ್ಕಕ್ಕೆ ಬರುತ್ತಾನೆ. ಬಾಟಲಿಗಳನ್ನು ಒಂದೊಂದಾಗಿ ಈಸಿಕೊಂಡು ಜೇಬಿಗೆ, ಬೆನ್ನಿಗೆ, ಅಂಗಿಯ ಕೊರಳೊಳಗೆ ತುರುಕುತ್ತಾನೆ. ಬೆನ್ನು ಗೂನಾಗಿ ಕಾಣುತ್ತದೆ. ಆ ಭಾರ ಹೊತ್ತು ಇಡೀ ಗುಂಪನ್ನು ಸೀಳಿಕೊಂಡು ಮುಂದೆ ಹೋಗಿ ತನ್ನವರಿಗೆ ಹಂಚುತ್ತಾನೆ. ನಾಯಕನ ಟೈರು ಪಂಕ್ಚರ್ ಆದರೆ ತನ್ನ ಚಕ್ರವನ್ನೇ ಬಿಚ್ಚಿಕೊಟ್ಟು ರಸ್ತೆ ಪಕ್ಕ ನಿಲ್ಲುವವನೂ ಇವನೇ.

ಇದನ್ನೆಲ್ಲ ಒಂದೇ ರೇಸಿನಲ್ಲಿ ತೋರಿಸಿ ಎಂದರೆ ನಾನು 2011ರ ಕೋಪನ್‌ಹೇಗನ್ ಎನ್ನುತ್ತೇನೆ. 266 ಕಿ.ಮೀ. ದೂರ, ದೊಡ್ಡ ಏರುಗಳಿಲ್ಲದ ಹಾದಿ. ಬ್ರಿಟನ್‌ನ ಲೆಕ್ಕಾಚಾರ ಸರಳವಾಗಿತ್ತು: ಗುಂಪು ಒಡೆಯದೆ ಕೊನೆಯವರೆಗೆ ಬಂದರೆ ಮಾರ್ಕ್ ಕ್ಯಾವೆಂಡಿಷ್‌ರನ್ನು ಸ್ಪ್ರಿಂಟ್‌ನಲ್ಲಿ ಹಿಡಿಯುವುದು ಕಷ್ಟ. ಹಾಗಾಗಿ ಉಳಿದ ಏಳು ಜನ ಹೆಚ್ಚುಕಡಿಮೆ ದಿನವಿಡೀ ಗುಂಪಿನ ಮುಂದೆ ನಿಂತು ಎಳೆದರು. ಗುಂಪು ಬಿಟ್ಟು ಯಾರು ಮುಂದೆ ಓಡಿಹೋದರೂ ಬೆನ್ನಟ್ಟಿ ಹಿಡಿದರು. ಆ ಏಳರಲ್ಲಿ ಬ್ರಾಡ್ಲಿ ವಿಗ್ಗಿನ್ಸ್, ಕ್ರಿಸ್ ಫ್ರೂಮ್, ಗೆರೇಂಟ್ ಥಾಮಸ್ ಇದ್ದರು. ಮುಂದೆ ಮೂವರೂ ಈ ಆಟದ ಅತಿ ದೊಡ್ಡ ರೇಸಾದ ಟೂರ್ ಡಿ ಫ್ರಾನ್ಸ್ ಗೆದ್ದವರು! ಅಂಥವರು ಅಂದು ಇನ್ನೊಬ್ಬನಿಗಾಗಿ ಬೆವರು ಸುರಿಸಿದರು. ಕ್ಯಾವೆಂಡಿಷ್ ಗೆದ್ದರು. 1965ರಲ್ಲಿ ಟಾಮ್ ಸಿಂಪ್ಸನ್ ಗೆದ್ದ ಮೇಲೆ ಬ್ರಿಟನ್ನಿನ ಪುರುಷನೊಬ್ಬನಿಗೆ ಈ ಪಟ್ಟ ಸಿಕ್ಕಿದ್ದು ಅಂದೇ.

ಇಷ್ಟು ಒಗ್ಗಟ್ಟು ಇಲ್ಲಿ ಸುಲಭಕ್ಕೆ ಹುಟ್ಟುವುದಿಲ್ಲ. ವರ್ಷವಿಡೀ ಇವರೆಲ್ಲ ಬೇರೆ ಬೇರೆ ವೃತ್ತಿಪರ ತಂಡಗಳಿಂದ ಸಂಬಳ ಪಡೆಯುವವರು. ನಿನ್ನೆಯ ಎದುರಾಳಿ ಈ ಒಂದು ದಿನದ ಮಟ್ಟಿಗೆ ಜೊತೆಗಾರ, ನಿನ್ನೆಯ ಜೊತೆಗಾರ ಬೇರೆ ದೇಶದ ಅಂಗಿಯಲ್ಲಿ ಎದುರಾಳಿ. ಸಾಲದ್ದಕ್ಕೆ ಈ ಸ್ಪರ್ಧೆಯಲ್ಲಿ ಕಿವಿಗೆ ರೇಡಿಯೊ ಹಾಕಿಕೊಳ್ಳುವಂತಿಲ್ಲ. ಮುಂದೆ ಎಷ್ಟು ಜನ ಓಡಿಹೋಗಿದ್ದಾರೆ, ಅಂತರ ಎಷ್ಟು ಎಂಬುದನ್ನು ಮೋಟಾರ್‌ಸೈಕಲ್ ಮೇಲಿನ ಹಲಗೆ ನೋಡಿ, ಒಬ್ಬರನ್ನೊಬ್ಬರು ಕೇಳಿ ತಿಳಿಯಬೇಕು. ಒಗ್ಗಟ್ಟು ಮುರಿದದ್ದೂ ಉಂಟು: 1963ರಲ್ಲಿ ಬೆಲ್ಜಿಯಂನ ರೊನ್ಸೆಯಲ್ಲಿ ಊರ ಜನರೆಲ್ಲ ರಿಕ್ ವಾನ್ ಲೂಯ್ ಗೆಲ್ಲುತ್ತಾರೆಂದು ಕಾದಿದ್ದರೆ, ಗೆರೆ ಮೊದಲು ದಾಟಿದ್ದು ಅವರದೇ ತಂಡದ ಬೆನೊನಿ ಬೆಹೈಟ್. ಆ ಜಗಳ ವರ್ಷಗಟ್ಟಲೆ ಆರಲಿಲ್ಲ.

ಹಾಗಾದರೆ ತಂಡವಿಲ್ಲದೆ ಗೆಲ್ಲಲಾಗದೇ? ಆಗುತ್ತದೆ, ಅಪರೂಪಕ್ಕೆ. 2015ರಲ್ಲಿ ಅಮೆರಿಕದ ರಿಚ್ಮಂಡ್‌ನಲ್ಲಿ ಸ್ಲೊವಾಕಿಯಾದ ಪೀಟರ್ ಸಾಗನ್ ಜೊತೆಗಿದ್ದದ್ದು ಇಬ್ಬರೇ, ಅವರಲ್ಲೊಬ್ಬರು ಸ್ವಂತ ಅಣ್ಣ. ಸಾಗನ್ ದಿನವಿಡೀ ಬೇರೆ ದೇಶಗಳವರ ಬೆನ್ನಿನ ನೆರಳಲ್ಲಿ ಅಡಗಿದ್ದು, ಕೊನೆಯ ಕೆಲವೇ ಕಿಲೋಮೀಟರ್ ಇರುವಾಗ ಒಂದು ಏರಿನಲ್ಲಿ ಚಿಮ್ಮಿ ಗೆದ್ದರು. ಏರು ಹೆಚ್ಚಿದಷ್ಟೂ ವೇಗ ತಗ್ಗಿ, ಇನ್ನೊಬ್ಬರ ಹಿಂದೆ ಅವಿತರೆ ಸಿಗುವ ಲಾಭವೂ ತಗ್ಗುತ್ತದೆ. 2025ರಲ್ಲಿ ಮೊದಲ ಬಾರಿಗೆ ಆಫ್ರಿಕಾಕ್ಕೆ ಬಂದ ಚಾಂಪಿಯನ್‌ಶಿಪ್‌ನಲ್ಲಿ, ರುವಾಂಡಾದ ಕಿಗಾಲಿಯ ಏರುಗಳ ಮೇಲೆ ಸ್ಲೊವೇನಿಯಾದ ತಾಡೆ ಪೊಗಾಚಾರ್ ನೂರು ಕಿ.ಮೀ. ಬಾಕಿಯಿರುವಾಗಲೇ ಗುಂಪು ಬಿಟ್ಟರು, ಕೊನೆಯ 60 ಕಿ.ಮೀ.ಗೂ ಹೆಚ್ಚು ದೂರ ಒಬ್ಬರೇ ತುಳಿದರು. ಅಲ್ಲಿ ಹೊರಟವರು 165, ಮುಗಿಸಿದವರು 30.

ಮುಗಿಸದವರ ಆ ಉದ್ದದ ಪಟ್ಟಿಯಲ್ಲಿ ಸೋತು ನಿಂತವರಷ್ಟೇ ಇರುವುದಿಲ್ಲ. ನೂರೈವತ್ತು ಕಿ.ಮೀ. ಗಾಳಿ ಸೀಳಿ, ಒಪ್ಪಿಸಿದ ಕೆಲಸ ಮುಗಿಸಿ ಪಕ್ಕಕ್ಕೆ ಸರಿದವರೂ ಇರುತ್ತಾರೆ.

ಕೆಲವೊಮ್ಮೆ ಪಾತ್ರವೇ ಅದಲುಬದಲಾಗುತ್ತದೆ. 2022ರಲ್ಲಿ ಆಸ್ಟ್ರೇಲಿಯಾದ ವೊಲಂಗಾಂಗ್‌ನಲ್ಲಿ, ಮಹಿಳೆಯರ ರೇಸಿಗೆ ಹೊರಟಿದ್ದ ಡಚ್ ಸೈಕ್ಲಿಸ್ಟ್ ಅನೆಮೀಕ್ ವಾನ್ ವ್ಲ್ಯೂಟನ್ ಕೆಲವೇ ದಿನ ಮೊದಲು ಬಿದ್ದು ಮೊಣಕೈ ಮುರಿದುಕೊಂಡಿದ್ದರು. ವಯಸ್ಸು 39. ಪೆಡಲ್ ಮೇಲೆ ಎದ್ದು ನಿಂತು ತುಳಿಯುವುದೇ ಕಷ್ಟವಾಗಿದ್ದರಿಂದ ತಮ್ಮದೇ ತಂಡದ ಮರಿಯಾನೆ ವೋಸ್‌ಗೆ ನೆರವಾಗಲೆಂದು ಹೊರಟಿದ್ದರು. ಕೊನೆಯ ಕಿಲೋಮೀಟರಿನಲ್ಲಿ ಮುಂದಿದ್ದ ಗುಂಪನ್ನು ಹಿಂದಿನಿಂದ ಬಂದು ಸೇರಿಕೊಂಡರು. ಸೇರಿದ ಓಟದಲ್ಲೇ ಎಲ್ಲರನ್ನೂ ದಾಟಿ, ಯಾರೂ ತಿರುಗಿ ನೋಡುವಷ್ಟರಲ್ಲಿ ಗೆರೆ ಮುಟ್ಟಿದ್ದರು.