ಅಡಿಗೆ ಎಷ್ಟು ಇಂಚು ವಾಟ?

ಧಾರವಾಡದ ನಮ್ಮ ಮನೆಯ ಹಿಂಬದಿಗೆ ಹತ್ತು ಅಡಿ ಅಗಲದ ಇಳಿಮಾಡನ್ನು ಕಟ್ಟಿಸಿದಾಗ, ಹಳೆಯ ಗೋಡೆಯ ಕಿಟಕಿಯ ಕೆಳಗೆ ಸಿಕ್ಕಷ್ಟು ಜಾಗದಲ್ಲೇ ಮಾಡನ್ನು ಕೂರಿಸಬೇಕಾಗಿ ಬಂದು, ಅದರ ಮೇಲ್ತುದಿಗೂ ಕೆಳತುದಿಗೂ ನಡುವೆ ಉಳಿದ ಎತ್ತರ ಎರಡೂವರೆ ಅಡಿ ಮಾತ್ರ. "ಇಷ್ಟು ವಾಟ ಸಾಕ್ರಿ" ಎಂದು, ಅಂದರೆ ಇಷ್ಟು ಇಳಿಜಾರು ಸಾಕೆಂದು, ಗೌಂಡಿ ಹೇಳಿದ ಮಾತಿಗೆ ನಾನೂ ತಲೆಯಾಡಿಸಿದೆ. ಜುಲೈ ತಿಂಗಳಲ್ಲಿ ಪಡುವಣ ಗಾಳಿಯೊಡನೆ ಮಳೆ ಹೊಡೆದಾಗ, ಒಂದು ಹಂಚೂ ಒಡೆಯದಿದ್ದರೂ ಸಂದುಗಳಿಂದ ನೀರು ತೊಟ್ಟಿಕ್ಕತೊಡಗಿತು.

ವಾಟದ ಲೆಕ್ಕ ಕಷ್ಟದ್ದಲ್ಲ. ಮಾಡು ಏರಿದ ಎತ್ತರವನ್ನು ಅದು ಅಡ್ಡಕ್ಕೆ ಆವರಿಸಿದ ದೂರದಿಂದ ಭಾಗಿಸಬೇಕು. ನಮ್ಮ ಇಳಿಮಾಡಿನಲ್ಲಿ ಎರಡೂವರೆಯನ್ನು ಹತ್ತರಿಂದ ಭಾಗಿಸಿದರೆ ನಾಲ್ಕಕ್ಕೆ ಒಂದು, ಅಂದರೆ ಶೇಕಡ 25; ಬಡಿಗರ ಮಾತಿನಲ್ಲಿ ಹೇಳುವುದಾದರೆ ಅಡಿಗೆ ಮೂರು ಇಂಚು. ಕೋನದ ಲೆಕ್ಕದಲ್ಲಿ ಇದು ಸುಮಾರು 14 ಡಿಗ್ರಿ. ಶೇಕಡವನ್ನೂ ಡಿಗ್ರಿಯನ್ನೂ ಒಂದೇ ಎಂದು ತಿಳಿಯುವವರು ಬಹಳ. ಆದರೆ ಶೇಕಡ 100ರ ಇಳಿಜಾರು 45 ಡಿಗ್ರಿಯೇ ಹೊರತು ನೆಟ್ಟನೆಯ ಗೋಡೆಯಲ್ಲ. ಎರಡು ಕಡೆ ಇಳಿಯುವ ಮಾಡಿನಲ್ಲಿ ಮನೆಯ ಪೂರ್ತಿ ಅಗಲವನ್ನಲ್ಲ, ಅರ್ಧವನ್ನು ಮಾತ್ರ ಅಡ್ಡಳತೆಯಾಗಿ ಹಿಡಿಯಬೇಕೆಂಬುದನ್ನು ಮರೆತರೆ ವಾಟ ಕಾಗದದ ಮೇಲೆ ಅರ್ಧಕ್ಕಿಳಿಯುತ್ತದೆ. ಕಟ್ಟಿ ಮುಗಿದ ಮಾಡಾದರೆ, ಇಳಿಜಾರಿನ ತೊಲೆಗೆ ಮಟ್ಟಗೋಲಿನ ಒಂದು ತುದಿಯನ್ನು ತಾಗಿಸಿ, ಗುಳ್ಳೆ ನಡುವೆ ನಿಂತ ಮೇಲೆ, ಆ ತುದಿಯಿಂದ 12 ಇಂಚು ದೂರದಲ್ಲಿ ಕೋಲಿಗೂ ತೊಲೆಗೂ ನೆಟ್ಟನೆ ಮೇಲೆ-ಕೆಳಗೆ ಇರುವ ಅಂತರವನ್ನು ಟೇಪಿನಿಂದ ಅಳೆದರೆ ಸಾಕು; ಅಡಿಗೆ ಎಷ್ಟು ಇಂಚೆಂಬುದು ಅದೇ.

ಮಂಗಳೂರು ಹಂಚಿಗೆ ಎರಡಕ್ಕೆ ಒಂದು, ಅಂದರೆ ಅಡಿಗೆ ಆರು ಇಂಚಿನ ಆಸುಪಾಸಿನ ವಾಟ ಬೇಕು; ಅದು ಸುಮಾರು 26.6 ಡಿಗ್ರಿ. ಹಂಚಿನ ಮಾಡು ಡಬ್ಬಿಯ ಮುಚ್ಚಳದಂತೆ ನೀರನ್ನು ತಡೆಯುವುದಿಲ್ಲ. ಮೇಲಿನ ಹಂಚು ಕೆಳಗಿನದರ ಮೇಲೆ ಸುಮಾರು ಮೂರು ಇಂಚು ಕೂತು, ನೀರನ್ನು ಅದಕ್ಕೆ ದಾಟಿಸುತ್ತ ಹೋಗುತ್ತದೆ. ಇಳಿಜಾರು ಕಡಿಮೆಯಾದಾಗ ನೀರು ನಿಧಾನವಾಗಿ ಹರಿಯುತ್ತದೆ, ಸಂದಿನಲ್ಲಿ ಹನಿ ಅಂಟಿಕೊಂಡು ಹಿಂದಕ್ಕೆ ಏರುತ್ತದೆ, ಗಾಳಿ ಅದನ್ನು ಇನ್ನಷ್ಟು ಒಳಕ್ಕೆ ನೂಕುತ್ತದೆ. ಇದರ ಜೊತೆಗೆ, ಹಂಚಿನ ಮೇಲೆ ಹಂಚು ಕೂರುವುದರಿಂದ ಪ್ರತಿಯೊಂದು ಹಂಚಿನ ವಾಟ ತೊಲೆಯ ವಾಟಕ್ಕಿಂತ ತುಸು ಕಡಿಮೆಯೇ ಇರುತ್ತದೆ. ಮೇಲಿನ ಸಾಲುಗಳ ನೀರೆಲ್ಲ ಕೂಡಿ ಬರುವುದು ಸೂರಿಗೇ ಆದ್ದರಿಂದ, ನಮ್ಮಲ್ಲಿ ಮೊದಲು ಸೋರಿದ್ದೂ ಅದರ ಹತ್ತಿರವೇ.

ಹಂಚು ಎಷ್ಟು ಬೇಕೆಂಬುದೂ ವಾಟದ ಮೇಲೆಯೇ ನಿಂತಿದೆ. ಮನೆಯ ಅಗಲ 20 ಅಡಿ, ಎರಡೂ ಬದಿಗೆ ಸೂರು ಎರಡೆರಡು ಅಡಿ ಚಾಚಿದೆ, ಮಾಡಿನ ಉದ್ದ 30 ಅಡಿ ಎಂದುಕೊಳ್ಳೋಣ. ಒಂದು ಬದಿಯ ಅಡ್ಡಳತೆ 12, ಎತ್ತರ 6. ಇವುಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಇಳಿಜಾರಿನ ಉದ್ದ 13.42 ಅಡಿ. ಎರಡೂ ಬದಿ ಸೇರಿ ಸುಮಾರು 805 ಚದರ ಅಡಿಯಾಗುತ್ತದೆ. ನೂರು ಚದರ ಅಡಿಗೆ ಸುಮಾರು 150 ಹಂಚಿನಂತೆ 1,200ಕ್ಕೂ ಹೆಚ್ಚು ಬೇಕು, ಒಡೆಯುವುದು ಬೇರೆ. ನೆಲದ 600 ಚದರ ಅಡಿಯನ್ನೇ ನಂಬಿ 900 ತರಿಸಿದವರು ಮತ್ತೊಂದು ಗಾಡಿಯ ಬಾಡಿಗೆ ತೆರಬೇಕಾಗುತ್ತದೆ.

ಹಾಗೆಂದು ವಾಟ ಹೆಚ್ಚಿದಷ್ಟೂ ಒಳ್ಳೆಯದೆನ್ನಲಾಗದು. ಮರ, ಹಂಚು ಎರಡೂ ಹೆಚ್ಚು ಬೇಕಾಗುತ್ತವೆ, ತೀರ ಕಡಿದಾದರೆ ಹಂಚು ಜಾರದಂತೆ ಬಿಗಿಯಬೇಕು. ಹುಬ್ಬಳ್ಳಿಯಿಂದ 60 ಕಿಲೋಮೀಟರಿನೊಳಗಿರುವ ಗದಗ ಸೀಮೆಯಲ್ಲಿ ಮಳೆ ಕಡಿಮೆ. ಅಲ್ಲಿನ ಹಳೆಯ ಮನೆಗಳಿಗೆ ಜಂತಿಯ ಮೇಲೆ ಮಣ್ಣು ಹಾಸಿದ ಮಟ್ಟಸ ಮಾಳಿಗೆಯೇ ಸಾಕಾಗಿತ್ತು. ಮೇಲೆ ಹರಡುವ ಸವಳು ಮಣ್ಣಿನಲ್ಲಿ ಸೋಡಿಯಂ ಹೆಚ್ಚಿರುವುದರಿಂದ, ನೆನೆದೊಡನೆ ಅದರ ಕಣಗಳು ಉಬ್ಬಿ ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ. ಇಂದಿನ ಆರ್‌ಸಿಸಿ ಮಾಳಿಗೆಯೂ ನೋಡುವುದಕ್ಕಷ್ಟೇ ಮಟ್ಟಸ: ನೂರಕ್ಕೆ ಒಂದರ ವಾಟವನ್ನಾದರೂ, ಅಂದರೆ 30 ಅಡಿಗೆ 3.6 ಇಂಚನ್ನಾದರೂ ಕೊಡದಿದ್ದರೆ ಅದರ ಮೇಲೆ ನೀರು ನಿಲ್ಲುತ್ತದೆ.

ನಮ್ಮ ಇಳಿಮಾಡನ್ನು ಎತ್ತರಿಸಬೇಕೆಂದರೆ ಕಿಟಕಿಯನ್ನು ಮುಚ್ಚಬೇಕಾಗಿತ್ತು. ಅದಕ್ಕೆ ಮನಸ್ಸಾಗದೆ ಹಂಚನ್ನು ಇಳಿಸಿ ತಗಡಿನ ಶೀಟು ಹಾಕಿಸಿದೆವು. ಸಂದುಗಳೇ ಕಡಿಮೆಯಿರುವ ಶೀಟಿಗೆ 14 ಡಿಗ್ರಿ ಧಾರಾಳ. ಮಳೆ ಜೋರಾದಾಗ ಮಾತ್ರ ಅದರ ಕೆಳಗೆ ಕೂತವರ ಮಾತು ಒಬ್ಬರಿಗೊಬ್ಬರಿಗೆ ಕೇಳಿಸುವುದಿಲ್ಲ.