ಮಳೆಗೆ ಮುಂದಿನ ಬ್ರೇಕ್ ಹಿಡಿದರೆ ಬೀಳ್ತೇವಾ?

ಮಳೆಗಾಲ ಶುರುವಾದ ಕೂಡಲೇ ಬರುವ ಪ್ರಶ್ನೆ ಇದು: "ಸುರತ್ಕಲ್‌ನಿಂದ ಮಂಗಳೂರಿಗೆ ದಿನಾ ಬೈಕಲ್ಲಿ ಹೋಗ್ತೇನೆ. ಮಳೆಗೆ ಮುಂದಿನ ಬ್ರೇಕ್ ಮುಟ್ಲೇಬೇಡ ಅಂತ ಅಪ್ಪ ಹೇಳ್ತಾರೆ. ಹೌದಾ?"

ಅಪ್ಪ ಹೇಳಿದ್ದು ಅರ್ಧ ಸರಿ. ಬೀಳಿಸುವುದು ಮುಂದಿನ ಬ್ರೇಕ್ ಅಲ್ಲ, ಅದನ್ನು ಗಬಕ್ಕನೆ ಹಿಡಿಯುವುದು.

ಬಸ್ಸಲ್ಲಿ ನಿಂತಿರುವಾಗ ಡ್ರೈವರ್ ಬ್ರೇಕ್ ಒತ್ತಿದರೆ ನಾವೆಲ್ಲ ಮುಂದಕ್ಕೆ ವಾಲುತ್ತೇವೆ ಅಲ್ವಾ, ಬೈಕಿನ ಭಾರವೂ ಹಾಗೇ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಆ ಟಯರು ರಸ್ತೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಹಿಂದಿನದು ಹಗುರಾಗುತ್ತದೆ. ಒಣ ರಸ್ತೆಯಲ್ಲಿ ನಿಲ್ಲಿಸುವ ಕೆಲಸದ ಸುಮಾರು ಶೇ. 70 ಪಾಲು ಮುಂದಿನ ಬ್ರೇಕಿನದ್ದೇ. ಒದ್ದೆ ರಸ್ತೆಯಲ್ಲಿ ಮೆಲ್ಲ ನಿಲ್ಲಿಸಬೇಕಾದ್ದರಿಂದ ಭಾರ ಅಷ್ಟು ಮುಂದೆ ಬರುವುದಿಲ್ಲ, ಹಾಗಾಗಿ ಹಿಂದಿನದಕ್ಕೂ ಸ್ವಲ್ಪ ಜಾಸ್ತಿ ಕೆಲಸ ಇದೆ. ಅಂದರೆ ಎರಡೂ ಬೇಕು.

ನಾನೂ ಮೊದಲು ಕಾಲಿನ ಬ್ರೇಕನ್ನೇ, ಅಂದರೆ ಹಿಂದಿನದನ್ನೇ ನಂಬಿದವನು. ಒಂದು ಸಂಜೆ ಕಟಪಾಡಿ ಹತ್ತಿರ, ಎದುರಿದ್ದ ಬಸ್ಸು ಯಾರೋ ಕೈ ತೋರಿಸಿದರು ಅಂತ ಗಕ್ಕನೆ ನಿಂತಿತು. ಪೆಡಲ್ ತುಳಿದೆ. ಹಿಂದಿನ ಚಕ್ರ ತಿರುಗದೆ ಲಾಕ್ ಆಗಿ ಎಡಕ್ಕೆ ಜಾರಿತು, ಬೈಕ್ ಅಡ್ಡಡ್ಡ ಬಿತ್ತು, ರೈನ್‌ಕೋಟಿನ ಪ್ಯಾಂಟು ಮೊಣಕಾಲಿನಿಂದ ಕೆಳಗೆ ಹರಿಯಿತು. ನಾನು ಎದ್ದು ನಿಲ್ಲುವಷ್ಟರಲ್ಲಿ ಬಸ್ಸು 'ರೈಟ್' ಅಂತ ಹೋಗಿಯೂ ಆಗಿತ್ತು!

ಹಾಗಾದರೆ ಹಿಡಿಯುವುದು ಹೇಗೆ? ಲಿಂಬೆಹಣ್ಣು ಹಿಂಡುವ ಹಾಗೆ. ಎರಡು ಬೆರಳು ಮುಂದಿನ ಬ್ರೇಕಿನ ಲಿವರಿನ ಮೇಲೆ, ಮೊದಲು ಹಗುರಕ್ಕೆ ಒತ್ತಿ, ಮುಂದಿನ ಫೋರ್ಕ್ (ಚಕ್ರವನ್ನು ಹಿಡಿದಿರುವ ಎರಡು ಸ್ಪ್ರಿಂಗ್ ಕೊಳವೆ) ಸ್ವಲ್ಪ ಕುಸಿದದ್ದು ಕೈಗೆ ಗೊತ್ತಾದ ಮೇಲೆ ಒತ್ತಡ ಜಾಸ್ತಿ ಮಾಡಿ, ಜೊತೆಗೆ ಕಾಲಿನದ್ದೂ ಮೆಲ್ಲ. ಬೈಕ್ ನೆಟ್ಟಗಿರಬೇಕು, ಹ್ಯಾಂಡಲ್ ನೇರ ಇರಬೇಕು. ತಿರುವಿದ್ದರೆ ಬ್ರೇಕಿನ ಕೆಲಸ ತಿರುವಿಗೆ ಮೊದಲೇ ಮುಗಿಯಬೇಕು. ವಾಲಿರುವಾಗ ಮುಂದಿನದನ್ನು ಜೋರು ಹಿಡಿದರೆ ಅಪ್ಪ ಹೆದರಿದ ಹಾಗೇ ಆಗುತ್ತದೆ.

ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ಎಬಿಎಸ್ ಇದೆಯಲ್ಲ ಅಂತೀರಾ? ಹೌದು, 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕುಗಳಿಗೆ ಅದು ಕಡ್ಡಾಯ. ಆದರೆ ತುಂಬಾ ಬೈಕುಗಳಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ, ಜೋರು ತುಳಿದರೆ ಹಿಂದಿನದು ಲಾಕ್ ಆಗಬಹುದು. ಎಬಿಎಸ್ ಕೆಲಸ ಮಾಡುವಾಗ ಲಿವರ್ ಕೈಯಲ್ಲಿ ಗರಗರ ಅನ್ನುತ್ತದೆ. ಹೆದರಿ ಬಿಡಬೇಡಿ. ಎಬಿಎಸ್ ಇಲ್ಲದ ಬೈಕಾದರೆ ಉಲ್ಟಾ: ಮುಂದಿನ ಚಕ್ರ ಜಾರಿದ ಹಾಗೆ ಅನ್ನಿಸಿದ ತಕ್ಷಣ ಬಿಟ್ಟು, ಮತ್ತೆ ಮೆಲ್ಲ ಹಿಡಿಯಿರಿ.

ಜಾರುವ ಜಾಗ ನಿಮಗೂ ಗೊತ್ತು. ಸೇತುವೆಯ ಕಬ್ಬಿಣದ ಜಾಯಿಂಟು, ಜೀಬ್ರಾ ಪಟ್ಟೆಯ ಪೇಂಟು, ಟಿಪ್ಪರ್ ಉದುರಿಸಿ ಹೋದ ಕೆಂಪು ಮಣ್ಣು. ಮೊದಲ ಮಳೆಯ ದಿನವಂತೂ ರಸ್ತೆಯ ಎಣ್ಣೆ, ಧೂಳು ಎಲ್ಲ ಕಲಸಿ ಸಾಬೂನಿನ ಹಾಗೆ ಇರುತ್ತದೆ. ಇನ್ನು ಬಸ್ಸಿನ ಹಿಂದೆ ಅಂಟಿಕೊಂಡು ಹೋಗಬೇಡಿ ಮಾರಾಯ್ರೆ, 60ರ ವೇಗದಲ್ಲಿ ಒಂದು ಸೆಕೆಂಡಿಗೆ 16 ಮೀಟರ್‌ಗಿಂತ ಜಾಸ್ತಿ ಹೋಗಿರುತ್ತೇವೆ, ಅಷ್ಟರಲ್ಲಿ ಬೆರಳು ಲಿವರಿಗೆ ಮುಟ್ಟಿಯೂ ಇರುವುದಿಲ್ಲ.

ಭಾನುವಾರ ಬೆಳಗ್ಗೆ ಖಾಲಿ ಜಾಗ ನೋಡಿ, ಹೆಲ್ಮೆಟ್, ಶೂ ಹಾಕಿ, ಒಣ ನೆಲದಲ್ಲಿ 20ರ ವೇಗದಿಂದ ಶುರು ಮಾಡಿ. ಒಂದೇ ಗೆರೆಯಿಂದ ಬ್ರೇಕ್ ಹಿಡಿಯಿರಿ. ಕಾಲಿನದ್ದು ಮಾತ್ರ ಹಿಡಿದು ನಿಂತಲ್ಲಿ ಒಂದು ಮುರಕಲ್ಲಿನ ಚೂರು ಇಡಿ, ಎರಡೂ ಹಿಡಿದು ನಿಂತಲ್ಲಿ ಇನ್ನೊಂದು. ಅಪ್ಪನನ್ನೂ ಕರ್ಕೊಂಡು ಹೋಗಿ, ಎರಡು ಕಲ್ಲಿನ ನಡುವೆ ಎಷ್ಟು ಹೆಜ್ಜೆ ಅಂತ ಅವರೇ ಅಳೆಯಲಿ.