ಹೆಸರುಕಾಳಿನ ಹುಳ ಹೊಲದಿಂದಲೇ ಬರುತ್ತದೆ

ಮುಂಗಾರಿನ ಹೆಸರುಕಾಳು ಮನೆ ಸೇರಿದ ಮೇಲೆ ರೋಣ, ನರಗುಂದದ ಕಡೆಯಿಂದ ನನಗೆ ಬರುವ ಫೋನ್‌ಗಳಲ್ಲಿ ಜಾಸ್ತಿ ಕೇಳುವ ಮಾತು ಇದು: "ಸರ್, ಹೆಸರಿಗೆ ಹುಳ ಬಿದ್ದಾವ, ಗುಳಿಗಿ ಇಡ್ಲೇನ್ರಿ?"

ಹುಳ ಕೊಲ್ಲಲು ಚೀಲದಲ್ಲಿ ಇಡುವ ಆ ವಿಷದ ಗುಳಿಗೆ ಬೇಡ.

ಈ ಹುಳ ಹಳೇ ಚೀಲದಲ್ಲೂ ಇರುತ್ತದೆ, ನಿಜ. ಆದರೆ ಹೊಲದಲ್ಲಿ ಕಾಯಿ ಬಲಿಯುವಾಗಲೇ ಅದು ಮೊಟ್ಟೆ ಇಟ್ಟಿರುತ್ತದೆ. ಮರಿ ಕಾಳಿನೊಳಗೆ ಹೊಕ್ಕು ತಿನ್ನುತ್ತದೆ. ಅದಕ್ಕೇ ಚೀಲ ಕಟ್ಟುವಾಗ ಚೊಕ್ಕ ಕಂಡ ಕಾಳು ತಿಂಗಳು ಕಳೆಯುವಷ್ಟರಲ್ಲಿ ತೂತಾಗಿರುತ್ತದೆ. ಹಾರಾಡುವ ದೊಡ್ಡ ಹುಳ ಕಾಳನ್ನು ತಿನ್ನುವುದೇ ಇಲ್ಲ. ಕಾಳಿನ ಮೈಗೆ ಮೊಟ್ಟೆ ಅಂಟಿಸಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಕಾಳಿನ ಮೇಲೆ ಕಾಣುವ ಬಿಳಿ ಚುಕ್ಕಿ ಅದರ ಮೊಟ್ಟೆ. ಹುಳ ಹಾರುವುದನ್ನು ನೋಡಿ ಔಷಧಿ ಹುಡುಕಲು ಹೊರಟರೆ ತಡವಾಯಿತು ಅಂತಲೇ ಲೆಕ್ಕ.

ಕೆಲಸ ಇರುವುದು ರಾಶಿ ಮಾಡಿದ ಮೊದಲ ವಾರದಲ್ಲಿ. ಆಗ ಮಳೆ ಬೇರೆ. ಒಂದು ಬಿಸಿಲು ಕಂಡರೆ ಸಾಕು, ಚೀಲ ತುಂಬಿಬಿಡುತ್ತೇವೆ, ಅಲ್ವಾ? ಕಾಳಿನ ತೇವ 9-10 ಶೇಕಡಕ್ಕೆ ಇಳಿಯಬೇಕು. ಹಲ್ಲಲ್ಲಿ ಕಡಿದರೆ ಕಟ್ ಅಂತ ಒಡೆಯಬೇಕು. ತಾಡಪತ್ರಿ ಮೇಲೆ ತೆಳ್ಳಗೆ ಹರವಿ, ಸಂಜೆ ಮುಚ್ಚಿ, ಆರಿದ ಮೇಲೆಯೇ ತುಂಬಿ. ಅಡುಗೆಗೆ ಇಟ್ಟುಕೊಳ್ಳುವ ಕಾಳಾದರೆ ಕಿಲೋಗೆ 5ರಿಂದ 10 ಮಿಲಿ ಶೇಂಗಾ ಎಣ್ಣೆ ಸವರಿ. ಎಣ್ಣೆ ಮೆತ್ತಿದ ಕಾಳಿನ ಮೇಲೆ ಮೊಟ್ಟೆ ಉಳಿಯುವುದು ಕಷ್ಟ. ಬೇಳೆ ಒಡೆಸಿಟ್ಟರೆ ಈ ಹುಳದ ಕಾಟ ಇನ್ನೂ ಕಡಿಮೆ.

 

ಇನ್ನು ಗುಳಿಗೆ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಎಂಬ ವಿಷದ ಗಾಳಿ ಬಿಡುತ್ತದೆ. ಚೀಲ, ಬಾಗಿಲ ಸಂದು ಯಾವುದೂ ಅದನ್ನು ತಡೆಯುವುದಿಲ್ಲ. ಪಡಸಾಲೆಯಲ್ಲಿ ಚೀಲ ಇಟ್ಟು ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ಮಲಗಿಸುವ ಮನೆಗಳಲ್ಲಿ ಇದು ಆಟವಲ್ಲ. ಇದನ್ನು ತರಬೇತಿ ಪಡೆದವರು ಗೋದಾಮಿನಲ್ಲಿ ಬಳಸಬೇಕೇ ಹೊರತು ಮನೆಯಲ್ಲಿ ಯಾರೂ ಬಳಸುವಂತಿಲ್ಲ. ಅಂಗಡಿಯವರು ಬಿಡಿ ಗುಳಿಗೆ ಕೊಟ್ಟರೂ ತರಬೇಡಿ. ಹಗೇವು, ಅಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿ, ತೆಗೆದ ಕೂಡಲೇ ನಮ್ಮ ಹಿರಿಯರು ಒಳಗೆ ಇಳಿಯುತ್ತಿರಲಿಲ್ಲ, ಗಾಳಿಯಾಡಲು ಬಿಡುತ್ತಿದ್ದರು. ಬರೀ ಕಾಳಿನ ಗಾಳಿಗೇ ಅಷ್ಟು ಹುಷಾರಿ!

ಈಗಾಗಲೇ ಇಟ್ಟಿದ್ದು, ಮನೆಯವರಿಗೆ ವಾಂತಿ, ಎದೆ ಬಿಗಿತ, ತಲೆಸುತ್ತು ಬಂದರೆ ಊಟದ ದೋಷ ಅಂತ ಸುಮ್ನೆ ಕೂರಬೇಡಿ. ಎಲ್ಲರೂ ಹೊರಗೆ ಬನ್ನಿ, 108ಕ್ಕೆ ಫೋನ್ ಮಾಡಿ, ಗುಳಿಗೆ ಇಟ್ಟಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ. ಈ ವಿಷಕ್ಕೆ ಪ್ರತ್ಯೇಕ ಮದ್ದಿಲ್ಲ, ಹಾಗಾಗಿ ಬೇಗ ಹೋಗುವುದೇ ಮುಖ್ಯ. ಗುಳಿಗೆಯ ಮೇಲೆ ಮಾತ್ರ ನೀರು ಸುರಿಯಬೇಡಿ. ನೀರು ಬಿದ್ದರೆ ವಿಷದ ಗಾಳಿ ಇನ್ನೂ ಜೋರಾಗಿ ಏಳುತ್ತದೆ.